ಹಿಂದಿನ ಕೋಣೆಯ ಮಕ್ಕಳು

ಪುಟ್ಟ ಮಕ್ಕಳ ಉಚ್ಚಾರಣೆಯ ತೊಂದರೆ ಗುರುತಿಸುವ ಹೊಸ ಪರೀಕ್ಷೆಯೊಂದು ಸರಿಯಾಗಿದೆಯೇ ಎಂದು ನೋಡುವ ಕೆಲಸ ನನ್ನದಾಗಿತ್ತು. ಕೆಲವು ಅಂಗನವಾಡಿಗಳ ಮಕ್ಕಳಿಗೆ ಚಿತ್ರ ತೋರಿಸಿ, ಹೆಸರು ಹೇಳಿಸಿ, ಅವರ ಅಂಕಗಳನ್ನೇ ಅಳತೆಗೋಲು ಮಾಡಿಕೊಂಡಿದ್ದೆವು. ಆ ಅಳತೆಯನ್ನೇ ಹಿಡಿದು, ರಾಜಾಜಿನಗರದ ನಮ್ಮ ಕ್ಲಿನಿಕ್ಕಿಗೆ ಬಂದ ನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ತೊಂದರೆಯಿದೆ ಎಂದು ನಾನು ಆಗಲೇ ಬರೆದುಕೊಟ್ಟಿದ್ದೆ.

ಕಾಮಾಕ್ಷಿಪಾಳ್ಯದ ಅಂಗನವಾಡಿಯ ಹಾಳೆಗಳಲ್ಲಿ ಒಂದು ಮಗುವೂ ರಕಾರವನ್ನು ತಪ್ಪಾಗಿ ಹೇಳಿರಲಿಲ್ಲ. ಆ ವಯಸ್ಸಿನಲ್ಲಿ ಅದು ಆಗದ ಮಾತು. ಅಲ್ಲಿ ಪರೀಕ್ಷೆ ಮಾಡಿದ್ದ ನನ್ನ ಸಹೋದ್ಯೋಗಿ ಕೂತಲ್ಲೇ ಹಾಳೆ ತುಂಬಿಸಿರಬೇಕು ಎಂದುಕೊಂಡು, ಅವಳಿಗೆ ಹೇಳದೆ ಆ ದಿನದ ಧ್ವನಿಮುದ್ರಣ ಕೇಳಿದೆ. ಮಕ್ಕಳು ನಿಜವಾಗಿಯೂ ಸ್ಪಷ್ಟವಾಗಿ ಹೇಳಿದ್ದರು. ಆದರೂ ಅನುಮಾನ ಹೋಗದೆ ಅಂಗನವಾಡಿಗೇ ಹೋದೆ.

"ಆವತ್ತು ಎಲ್ಲ ಮಕ್ಕಳೂ ಬಂದಿದ್ರಾ ಟೀಚರ್?"

"ಬಂದಿದ್ರು ಮೇಡಂ. ಚೆನ್ನಾಗಿ ಮಾತಾಡೋರನ್ನ ಮುಂದೆ ಕೂರಿಸ್ದೆ. ಮಿಕ್ಕವ್ರನ್ನ ಆಯಮ್ಮನ ಜೊತೆ ಹಿಂದಿನ ರೂಮಿಗೆ ಕಳಿಸ್ಬಿಟ್ಟೆ. ಯಾರಾದ್ರೂ ನೋಡೋಕೆ ಬಂದ್ರೆ ನಾವು ಯಾವಾಗ್ಲೂ ಹಂಗೇ ಮಾಡೋದು. ನಿಮ್ಮ ಮೇಡಂ ಎಷ್ಟು ಖುಷಿಪಟ್ರು ಗೊತ್ತಾ?"

ಚೆನ್ನಾಗಿ ಮಾತಾಡುವವರ ಅಂಕಗಳೇ ಅಳತೆಗೋಲಾಗಿದ್ದರೆ, ನಾನು ತೊಂದರೆಯಿದೆ ಎಂದು ಬರೆದ ಹುಡುಗಿಗೆ ತೊಂದರೆಯೇ ಇಲ್ಲದಿರಬಹುದು. ಹೊರಗೆ ಬಂದವಳೇ ಅವಳ ತಾಯಿಗೆ ಫೋನ್ ಮಾಡಿ, ವರದಿಯನ್ನು ಶಾಲೆಗೆ ಕೊಡಬೇಡಿ ಎಂದೆ.

"ನೆನ್ನೇನೇ ಕೊಟ್ಟೆ ಮೇಡಂ. ಹಂಗಾದ್ರೆ ಮಗು ಸರಿಯಾಗಿದಾಳಾ?"

ಗೊತ್ತಿಲ್ಲ, ಮತ್ತೆ ನೋಡಬೇಕು ಎಂದೆ.

"ಈ ಸಲ ಬೇರೆ ಕಡೆ ತೋರಿಸ್ತೀನಿ ಬಿಡಿ," ಎಂದರು ಅವರು.