ಓಡಾಡುತ್ತಿದ್ದ ಮನೆ

ಇವತ್ತು ಬೆಳಗ್ಗೆ ಬಾಲ್ಕನಿಯ ಕುಂಡದಿಂದ ಅರಿಶಿನ ಎಲೆ ಕತ್ತರಿಸಿದೆ. ಪರಿಮಳ ಕೈಗೆ ಹತ್ತಿದ್ದೇ ತಡ, ಒಬ್ಬಳೇ ನಿಂತು ನಗತೊಡಗಿದೆ. ಕೊಲ್ಲಿ ನಾಡಿನ ಅಲ್ ಥುಮಾಮಾದ ಈ ಬಿಸಿಲಲ್ಲಿ ಅರಿಶಿನ ಗಿಡ ಬದುಕಿರುವುದು ನನ್ನ ಏಕೈಕ ಸಾಧನೆ, ನಗುವಂಥದ್ದೇನಲ್ಲ. ನಗು ಬಂದದ್ದು, ಕಳೆದ ವರ್ಷ ಇದೇ ಎಲೆಯ ಕಡುಬನ್ನು ಮಡಿಲಲ್ಲಿಟ್ಟುಕೊಂಡು ಊರಂಚಿನ ಅಲ್ ವುಕೈರ್ ಬಡಾವಣೆ ಸುತ್ತಿದ್ದು ನೆನಪಾಗಿ.

ಶಮೀನಾ ನನ್ನ ಆಫೀಸಿನವಳು, ಉಳ್ಳಾಲದ ಹುಡುಗಿ. ಅವಳ ಮನೆಮಾತು ಬ್ಯಾರಿ, ನಮ್ಮದು ಕೊಂಕಣಿ. ನಮ್ಮಿಬ್ಬರ ಹರಟೆ, ಜಗಳ ಎಲ್ಲ ಕನ್ನಡದಲ್ಲೇ. ಆಗ ಅವಳು ತುಂಬು ಬಸುರಿ, ಚೊಚ್ಚಲು. ಬಾಣಂತನಕ್ಕೆ ಬರಬೇಕಿದ್ದ ತಾಯಿ ಕಾಲು ಮುರಿದುಕೊಂಡು ಊರಲ್ಲೇ ಉಳಿದಿದ್ದರು.

"ಅಕ್ಕಾ, ನನಗೆ ಬೇರೆಂತ ಬೇಡ. ಪಕ್ಕದ ಮನೆ ಕೊಂಕಣಿ ಬಾಯಮ್ಮ ಅರಿಶಿನ ಎಲೆಯಲ್ಲಿ ಸಿಹಿ ಕಡುಬು, ಅದೇ ನಿಮ್ಮ ಪತೋಳಿ, ಮಾಡ್ತಿದ್ರು. ಅಮ್ಮ ಬರ್ತಿದ್ರೆ ಕಟ್ಟಿಸ್ಕೊಂಡು ತರ್ತಿದ್ರು," ಎಂದಳು.

ಬಸುರಿಯ ಬಯಕೆ ತೀರಿಸುವುದು ತವರಿನ ಕೆಲಸ. ತವರು ಕಡಲಾಚೆ ಇದ್ದರೆ ಯಾರಾದರೂ ತವರಾಗಬೇಕಲ್ಲ? ಶುಕ್ರವಾರ ಸಂಜೆ ತರುತ್ತೇನೆಂದು ಮಾತು ಕೊಟ್ಟೆ.

ಅವರು ಅಲ್ ವುಕೈರಿಗೆ ಹೊಸದಾಗಿ ಮನೆ ಬದಲಿಸಿದ್ದರು. ಅವಳ ಗಂಡ ರಫೀಕ್ ವಾಟ್ಸ್ಯಾಪಿನಲ್ಲಿ ಲೊಕೇಶನ್ ಕಳಿಸಿದ. ನಮ್ಮ ಯಜಮಾನರಿಗೆ ಮ್ಯಾಪ್ ಹೇಳಿದ್ದೇ ವೇದವಾಕ್ಯ, ದಾರಿಯಲ್ಲಿ ಇಳಿದು ಯಾರನ್ನಾದರೂ ಕೇಳುವುದು ಮರ್ಯಾದೆ ಹೋಗುವ ಕೆಲಸ. ಬಿಸಿ ಪಾತ್ರೆ ನನ್ನ ಮಡಿಲಲ್ಲಿ, ಫೋನ್ ನನ್ನ ಕೈಯಲ್ಲಿ. ಅಲ್ ವುಕೈರ್ ಸೇರುವ ತನಕ ಎಲ್ಲ ಸರಿಯಿತ್ತು. ಆಮೇಲೆ ಮ್ಯಾಪಿನ ಚುಕ್ಕೆ ಜಾಗ ಬದಲಿಸತೊಡಗಿತು. ಮುಂದಿನದು ಕೊಂಕಣಿಯಲ್ಲಿ ಆದ ಜಗಳ. ನಿಮಗಾಗಿ ಕನ್ನಡದಲ್ಲಿ, ಸ್ವಲ್ಪ ತೊಳೆದು ಬರೆಯುತ್ತೇನೆ.

"ಅವರ ಮನೆ ಈಗ ಪೆಟ್ರೋಲ್ ಬಂಕಿನ ಹತ್ರ ಉಂಟು," ಎಂದೆ.

"ಆಗ ಮಸೀದಿ ಹತ್ರ ಅಂದಿಯಲ್ಲ?"

"ಆಗ ಅಲ್ಲಿತ್ತು. ಈಗ ಇಲ್ಲಿಗೆ ಬಂತು."

"ಮನೆ ಹೇಗೆ ನಡೀತದೆ ಮಾರಾಯ್ತಿ? ನಿಂಗೆ ನೋಡ್ಲಿಕ್ಕೆ ಗೊತ್ತಿಲ್ಲ."

ಫೋನು ಕಿತ್ತುಕೊಂಡು ತಾವೇ ನೋಡಿದರು. ಮನೆ ರೌಂಡ್‌ಅಬೌಟ್ ಸುತ್ತುತ್ತಿತ್ತು. ರಫೀಕ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಪಾತ್ರೆ ತಣ್ಣಗಾಗುತ್ತಿತ್ತು, ನನ್ನ ತಲೆ ಬಿಸಿಯಾಗುತ್ತಿತ್ತು. ಕೊನೆಗೆ ಶಮೀನಾಳಿಗೇ ಮಾಡಿದೆ.

"ಅಯ್ಯೋ ಅಕ್ಕಾ, ಅವರು ನಿಮ್ಮನ್ನು ಕರ್ಕೊಂಡು ಬರ್ಲಿಕ್ಕೇಂತ ಕಾರು ತೆಗ್ದು ಹೋಗಿ ಎಷ್ಟೊತ್ತಾಯ್ತು!"

ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಿರಬಹುದು. ಮೊದಲ ಸಲ ಮನೆಗೆ ಬರುವವರನ್ನು ಬಸ್‌ಸ್ಟಾಪಿಗೇ ಹೋಗಿ ಕರೆತರಬೇಕು. ಇಲ್ಲಿ ಬಸ್ಸಿನಲ್ಲಿ ಬರುವ ನೆಂಟರಿಲ್ಲದ್ದರಿಂದ ರಫೀಕ್ ಕಾರಿನಲ್ಲಿ ಎದುರುಗೊಳ್ಳಲು ಹೊರಟಿದ್ದ. ಆದರೆ ಅವಸರದಲ್ಲಿ ಕಳಿಸಿದ್ದು ಮನೆಯ ಲೊಕೇಶನ್ ಅಲ್ಲ, ಅವನ ಜೊತೆಗೇ ಓಡಾಡುವ ಲೈವ್ ಲೊಕೇಶನ್. ಅವನು ನಮ್ಮನ್ನು ಹುಡುಕುತ್ತಿದ್ದ, ನಾವು ಅವನ ಬೆನ್ನು ಹತ್ತಿದ್ದೆವು. ಫೈನ್ ಬೀಳುವ ಹೆದರಿಕೆಗೆ ಡ್ರೈವ್ ಮಾಡುವಾಗ ಅವನು ಫೋನ್ ಮುಟ್ಟುವುದಿಲ್ಲ.

"ಖಲಾಸ್, ಇನ್ನು ಯಾರೂ ಯಾರನ್ನೂ ಹುಡುಕ್ಬೇಡಿ. ಮಸೀದಿ ಎದುರಿನ ರೋಡಲ್ಲಿ ಸೀದಾ ಬನ್ನಿ," ಎಂದಳು ಶಮೀನಾ.

ಒಂದೇ ಬಣ್ಣದ ಕಟ್ಟಡಗಳ ಸಾಲಿನ ಮುಂದೆ, ಒಂದು ಕೈ ಸೊಂಟಕ್ಕೆ ಕೊಟ್ಟು, ಇನ್ನೊಂದರಲ್ಲಿ ದುಪಟ್ಟಾ ಬೀಸುತ್ತ ನಿಂತಿದ್ದಳು. ಮೇಲೆ ಮನೆಗೆ ಹೋಗುವಷ್ಟೂ ತಾಳಲಿಲ್ಲ. ಕಾರಿನ ಸೀಟಲ್ಲೇ ಕೂತು ಎಲೆ ಬಿಡಿಸಿ ತಿಂದಳು. ಎರಡನೆಯದಕ್ಕೆ ಕೈ ಹಾಕುವಾಗ ಕಣ್ಣು ತುಂಬಿತ್ತು.

"ಅಮ್ಮನೂ ಬರ್ಲಿಲ್ಲ. ನೀವೂ ದಾರಿ ಸಿಗದೆ ವಾಪಸ್ ಹೋದ್ರೆ ಅಂತ ಹೆದ್ರಿಕೆ ಆಯ್ತು ಅಕ್ಕಾ. ಅದಕ್ಕೇ ಇಳ್ದು ಬಂದೆ."

ಪಾತ್ರೆಯನ್ನೇ ಅವಳ ಮಡಿಲಿಗೆ ಸರಿಸಿದೆ. ಅಷ್ಟರಲ್ಲಿ ರಫೀಕ್ ಬಂದಿಳಿದು, "ಎಂಥ ಮಾರಾಯ್ರೇ, ನಿಮ್ಮನ್ನು ಎಲ್ಲೆಲ್ಲಿ ಹುಡ್ಕೂದು!" ಎಂದು ನಮಗೇ ಜೋರು ಮಾಡಿದ. ಅಳುತ್ತಿದ್ದವಳು ಬಾಯಿತುಂಬ ಕಡುಬಿಟ್ಟುಕೊಂಡೇ ನಕ್ಕಳು.

ಇವತ್ತು ಅವರು ನಮ್ಮ ಮನೆಗೆ ಬರುತ್ತಿದ್ದಾರೆ. ಶಮೀನಾಳ ಕಂಕುಳಲ್ಲಿ ಮಗು, ಜೊತೆಗೆ ಕಾಲು ಸರಿಹೋಗಿ ಕೊನೆಗೂ ಬಂದ ಅವಳ ತಾಯಿ. ರಫೀಕ್‌ಗೆ ಇದು ಕಣ್ಣು ಮುಚ್ಚಿ ಬರುವಷ್ಟು ಅಭ್ಯಾಸವಾದ ದಾರಿ. "ಬಂದವರು ಬೆಲ್ ಮಾಡ್ತಾರೆ, ಕೂತ್ಕೊ," ಎನ್ನುತ್ತಿದ್ದಾರೆ ನಮ್ಮವರು. ಹೇಗೆ ಕೂರಲಿ? ಆ ತಾಯಿ ನಮ್ಮಲ್ಲಿಗೆ ಮೊದಲ ಸಲ ಬರುತ್ತಿದ್ದಾರೆ. ಚಪ್ಪಲಿ ಮೆಟ್ಟಿಕೊಂಡಿದ್ದೇನೆ, ಕೆಳಗೆ ರಸ್ತೆಗೆ ಹೋಗಿ ನಿಲ್ಲುತ್ತೇನೆ.