ಗುಬ್ಬಿ ಕಣ್ಣು ಮುಚ್ಚಿ ನಂಬಿದ ಪುಟ

ನಮ್ಮ ಗುಬ್ಬಿಗೆ ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಹೆಸರಿಗೆ ಗುಬ್ಬಿ, ಸಿಟ್ಟು ಬಂದರೆ ಗೂಳಿ. ನಮ್ಮ ಹಿರಿಮಗಳ ಮಗಳು. ಗಿಡಗಳ ರೋಗ ಪತ್ತೆ ಮಾಡುವ ಲ್ಯಾಬಿನಲ್ಲಿ ಕೆಲಸ. ಇಡೀ ದಿನ ಕೈಗವಸು ಹಾಕಿಕೊಂಡೇ ಇದ್ದು ಬೆರಳೆಲ್ಲ ಸಿಪ್ಪೆ ಏಳುತ್ತದೆ, ಪಾಪ. ಅವರಮ್ಮ ಮುಲಾಮು ಹಚ್ಚಲು ಹೋದರೆ, "ಬೇಡಮ್ಮ, ನಾಳೆ ಮತ್ತೆ ಏಳತ್ತೆ" ಎಂದು ಕೈ ಕಿತ್ತುಕೊಳ್ಳುತ್ತಾಳೆ. ಇರಲಿ, ಹೇಳಹೊರಟಿದ್ದು ಅದಲ್ಲ.

ಅವಳ ಕೆಲಸ ಹೀಗೆ: ಎಲೆಯ ಚೂರು ಅರೆದು ಸಾರ ತೆಗೆಯಬೇಕು. ಅದಕ್ಕೊಂದು ಉಪ್ಪುನೀರು, ಮತ್ತೊಂದಿಷ್ಟು ಔಷಧಿ ಸೇರಿಸಿ ಯಂತ್ರದಲ್ಲಿ ಕಾಯಿಸಿ ಆರಿಸಬೇಕು. ಎಲೆಯಲ್ಲಿ ರೋಗವಿದ್ದರೆ ಕೊನೆಗೆ ಹೊಳೆಯುವ ಗೆರೆಯೊಂದು ಮೂಡುತ್ತದೆ, ಇಲ್ಲದಿದ್ದರೆ ಇಲ್ಲ. ರೋಗ ಇದೆಯೆಂದು ಮೊದಲೇ ಗೊತ್ತಿರುವ ಎಲೆಯೊಂದನ್ನೂ ಜೊತೆಗಿಡುವುದು ಪದ್ಧತಿ. ಆ ಎಲೆಗೇ ಗೆರೆ ಮೂಡದಿದ್ದರೆ ಪರೀಕ್ಷೆ ಪೂರ್ತಿ ದಂಡ.

ಈ ಸಲ ದಂಡದ ಮೇಲೆ ದಂಡ. ಗೆರೆಯ ಸುಳಿವೇ ಇಲ್ಲ.

ಅತ್ತ ನರ್ಸರಿಯ ಅಕ್ಕನ ಕಾಟ. ಊರಾಚೆ ಸಸಿ ಬೆಳೆಸಿ ಮಾರುವ ಹೆಂಗಸು ಆಕೆ. ಎಲೆಗಳು ಮುರುಟಿಕೊಳ್ಳತೊಡಗಿದ್ದವು. ತಪಾಸಣೆಗೆ ಬಂದ ಅಧಿಕಾರಿ, ಸೋಮವಾರದೊಳಗೆ ಲ್ಯಾಬಿನ ವರದಿ ತೋರಿಸದಿದ್ದರೆ ಅಷ್ಟೂ ಸಸಿಗೆ ಬೆಂಕಿ ಹಚ್ಚಿಸುತ್ತೇನೆ ಎಂದು ಹೇಳಿ ಹೋಗಿದ್ದ. ಆಕೆ ಬೆಳಗಾಗುವುದನ್ನೇ ಕಾದು ಫೋನ್ ಮಾಡುತ್ತಿದ್ದಳು.

"ಏನಾಯ್ತು ತಾಯಿ? ಸುಡಬೇಕಾ, ಬೇಡ್ವಾ?"

"ಇನ್ನೊಂದ್ಸಲ ಮಾಡ್ತಿದೀನಿ ಅಕ್ಕ."

"ನಿನ್ನೇನೂ ಇದೇ ಹಾಡು ಹಾಡಿದ್ದೆ. ಒಂದು ಗೆರೆ ಎಳೆಯೋಕೆ ಇಷ್ಟು ದಿನಾನಾ? ನಾನೇ ಬಂದು ಎಳೆದುಕೊಡ್ಲಾ?"

ಗುಬ್ಬಿ ಹಲ್ಲು ಕಚ್ಚಿಕೊಂಡು ಫೋನ್ ಇಡುತ್ತಿದ್ದಳು. ಔಷಧಿ ಬದಲಾಯಿಸಿದ್ದಾಯಿತು, ಯಂತ್ರದ ಬಿಸಿ ಏರಿಸಿ ಇಳಿಸಿದ್ದಾಯಿತು. ಇನ್ನು ಇಂಟರ್ನೆಟ್ಟೇ ಗತಿ ಎಂದು ಮನೆಯಲ್ಲೂ ಲ್ಯಾಪ್‌ಟಾಪ್ ತೆರೆದು ಕೂತಳು. ಔಷಧಿ ಮಾಡುವ ಕಂಪನಿಯ ಪುಟವೊಂದು, ನೀನು ಮನುಷ್ಯಳೇ ಹೌದಾದರೆ ಬಸ್ಸಿರುವ ಚಿತ್ರಗಳನ್ನೆಲ್ಲ ಒತ್ತು ಎಂದಿತು. ಒತ್ತಿದಳು. ಇನ್ನೊಮ್ಮೆ ಒತ್ತು ಎಂದಿತು. ಕೊನೆಗೆ ವಿಜ್ಞಾನಿಗಳು ಪರಸ್ಪರ ಪ್ರಶ್ನೆ ಕೇಳುವ ಜಾಗದಲ್ಲಿ, ಯಾವುದೋ ಕಾಲದಲ್ಲಿ ಯಾರೋ ಅವಳ ಗೋಳನ್ನೇ ಅಕ್ಷರ ಬಿಡದೆ ತೋಡಿಕೊಂಡಿದ್ದು ಸಿಕ್ಕಿತು. ಗುಬ್ಬಿಗೆ ಹೋದ ಜೀವ ಬಂದಂತಾಯಿತು. ಕೆಳಗೆ ಒಬ್ಬ ಔಷಧಿ ಬದಲಿಸು ಎಂದಿದ್ದ. ಇನ್ನೊಬ್ಬ, ಮೊದಲು ಪುಸ್ತಕ ಓದಿಕೊಂಡು ಬಾ ಎಂದಿದ್ದ. ಎಲ್ಲದರ ಕೊನೆಗೆ ಕೇಳಿದವನೇ ಬರೆದಿದ್ದ: 'ಸಮಸ್ಯೆ ಬಗೆಹರಿಯಿತು. ಎಲ್ಲರಿಗೂ ಧನ್ಯವಾದ.'

ಅಷ್ಟೇ. ಹೇಗೆ ಬಗೆಹರಿಯಿತು ಎಂದು ಒಂದಕ್ಷರವಿಲ್ಲ.

"ಹೆಂಗೆ ಅಂತ ಬಾಯಿಬಿಟ್ಟು ಹೇಳೋಕೆ ನಿಂಗೇನು ರೋಗ ಬಂದಿತ್ತು!"

ಅವರಮ್ಮ ಓಡಿಬಂದಳು. "ಯಾರ ಜೊತೆನೇ ಜಗಳ?"

"ಯಾರೋ ಗೊತ್ತಿಲ್ಲ. ಈಗ ಬದುಕಿದಾನೋ ಇಲ್ವೋ ಅದೂ ಗೊತ್ತಿಲ್ಲ."

"ಸತ್ತವರ ಜೊತೆನೂ ಶುರು ಮಾಡಿದ್ಯಾ? ಊಟಕ್ಕೆ ಬಾ."

ಶುಕ್ರವಾರ ಲ್ಯಾಬಿಗೆ ಹೋದರೆ ಇಂಟರ್ನೆಟ್ಟೇ ಇಲ್ಲ, ಒಳಗೆ ಮೊಬೈಲಿಗೂ ಸಿಗ್ನಲ್ ಸಿಗದು. ಗುಬ್ಬಿಗೆ ಅಳುವೊಂದೇ ಬಾಕಿ. ಉಪ್ಪುನೀರು ಹೊಸದಾಗಿ ಮಾಡಬೇಕು, ಎಷ್ಟು ಉಪ್ಪು ತೂಗಬೇಕೆಂದು ಹೇಳುವುದು ಇಂಟರ್ನೆಟ್ಟಿನ ಒಂದು ಪುಟ. ಉಪ್ಪಿನ ಹೆಸರು, ನೀರಿನ ಅಳತೆ, ಎಷ್ಟು ಗಾಢ ಬೇಕು ಎಂದು ಒತ್ತಿದರೆ ಸಾಕು, ತೂಕ ಹೇಳಿಬಿಡುತ್ತದೆ. ಅವಳಿಗೆ ಆ ಪುಟವೆಂದರೆ ಪ್ರಾಣ. ಬೇರೆ ದಾರಿಯಿಲ್ಲದೆ ಎತ್ತರದ ಸ್ಟೂಲಿನ ಮೇಲೆ ಕಾಲು ಇಳಿಬಿಟ್ಟು ಆಡಿಸುತ್ತ ಕೂತಳು. ಕೈಯಲ್ಲಿ ಉಪ್ಪಿನ ಬಾಟಲಿ. ನೋಡಲು ಬೇರೇನೂ ಇಲ್ಲವಲ್ಲ, ಅದರ ಚೀಟಿಯನ್ನೇ ಓದಿದಳು. ಹೆಸರಿನ ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ನೀರಿನಂಶ ಕೂಡಿದ್ದು ಎಂದಿತ್ತು.

ಗುಬ್ಬಿಯ ಕಾಲು ಅಲ್ಲಾಡುವುದು ನಿಂತಿತು.

ನೋಡಿ, ಇದು ಅಡುಗೆ ಉಪ್ಪಲ್ಲ, ಲ್ಯಾಬಿನ ಉಪ್ಪು; ಒಂದೇ ಹೆಸರಿನಲ್ಲಿ ಎರಡು ಥರ ಬರುತ್ತದೆ. ಒಂದು ಪೂರ್ತಿ ಒಣಗಿದ್ದು. ಇನ್ನೊಂದು ಹರಳಿನೊಳಗೇ ನೀರು ಬಚ್ಚಿಟ್ಟುಕೊಂಡದ್ದು. ಮುಟ್ಟಿದರೆ ಎರಡೂ ಒಣಗಿದ ಹಾಗೇ ಇರುತ್ತವೆ, ಆದರೆ ಎರಡನೆಯದರಲ್ಲಿ ಅರ್ಧಕ್ಕೂ ಹೆಚ್ಚು ತೂಕ ನೀರಿನದೇ. ಹಳೇ ಬಾಟಲಿಯಲ್ಲಿದ್ದದ್ದು ಒಣ ಉಪ್ಪು. ಅದು ಮುಗಿದ ಮೇಲೆ ಬಂದದ್ದು ಇದು. ಪುಟವೋ, ನಾವಾಗಿ ಬೇರೆ ಆರಿಸದಿದ್ದರೆ ಒಣ ಉಪ್ಪಿನ ಲೆಕ್ಕವನ್ನೇ ಹೇಳುತ್ತದೆ. ಇವಳು ಇಷ್ಟು ದಿನ ಉಪ್ಪೆಂದು ನೀರು ತೂಗಿ ಹಾಕಿದ್ದಳು. ಬೇಕಾದಷ್ಟು ಉಪ್ಪು ಸಿಗದೆ ಅರೆಹೊಟ್ಟೆಯಲ್ಲಿ ಆ ಔಷಧಿ ತಾನೇ ಏನು ಕೆಲಸ ಮಾಡೀತು?

ವಿಷಯ ತಿಳಿದ ಮೇಲೆ ಲ್ಯಾಬಿನ ಸರ್ ಸುಮ್ಮನೆ ಬಿಡುತ್ತಾರೆಯೇ? "ಏನ್ರೀ, ಕಣ್ಣು ಮುಚ್ಚಿಕೊಂಡು ನಂಬಬಹುದು ಅಂತ ಆ ಪುಟನ ನಮಗೆಲ್ಲ ಕಳಿಸಿದ್ದು ನೀವೇ ಅಲ್ವಾ?"

"ಹೌದು ಸರ್. ಕಣ್ಣು ಮುಚ್ಚಿಕೊಂಡೇ ನಂಬಿದೆ."

ಕೈಯಲ್ಲೇ ಗುಣಿಸಿ ಭಾಗಿಸಿ, ತೂಗಿ, ಮತ್ತೆ ಮಾಡಿದಳು. ಗೊತ್ತಿದ್ದ ರೋಗದ ಎಲೆಗೆ ಗೆರೆ ಫಳಕ್ಕೆಂದು ಮೂಡಿತು. ನರ್ಸರಿಯ ಎಲೆಗಳಲ್ಲಿ ಗೋಡೆ ಪಕ್ಕದ ಸಾಲಿನವಕ್ಕೆ ಮಾತ್ರ ಗೆರೆ, ಉಳಿದವು ಶುದ್ಧ. ಇಂಟರ್ನೆಟ್ ಬಂದೊಡನೆ ಗುಬ್ಬಿ ವರದಿ ಕಳಿಸಿ, ಹೊರಗೆ ಓಡಿಹೋಗಿ ಫೋನ್ ಮಾಡಿದಳು.

"ಅಕ್ಕ, ಗೋಡೆ ಪಕ್ಕದ ಸಾಲು ಮಾತ್ರ ಸುಡಿ. ಮಿಕ್ಕಿದ್ದಕ್ಕೆ ಏನೂ ಆಗಿಲ್ಲ."

ಆ ಕಡೆ ದೊಡ್ಡದೊಂದು ಉಸಿರು. ಆಮೇಲೆ, "ಇದನ್ನೇ ಮೊದಲೇ ಬೊಗಳಿದ್ದಿದ್ರೆ ಕಣ್ತುಂಬ ನಿದ್ದೆನಾದ್ರೂ ಮಾಡ್ತಿದ್ದೆ!" ಎಂದು ಆಕೆ ಫೋನ್ ಇಟ್ಟಳು. ಒಂದು ಒಳ್ಳೆಯ ಮಾತಿಲ್ಲ.

ಸಂಜೆ ಮನೆಗೆ ಬಂದವಳು, ತನ್ನ ಹಾಗೆ ಇನ್ನೊಬ್ಬರು ಒದ್ದಾಡದಿರಲಿ ಎಂದು ಆ ಹಳೆಯ ಪ್ರಶ್ನೆಯ ಕೆಳಗೆ ಉಪ್ಪಿನ ಕಥೆ ಬರೆಯಹೊರಟಳು. ಈ ಪ್ರಶ್ನೆ ಮುಚ್ಚಿದೆ ಎಂದಿತು ಪುಟ. ಬಿಡಲಿಲ್ಲ ಹುಡುಗಿ. ಹೊಸ ಪ್ರಶ್ನೆ ತಾನೇ ಕೇಳಿ, ಉತ್ತರವನ್ನೂ ತಾನೇ ಬಿಡಿಸಿ ಬರೆದಳು. ಕಾಫಿ ಆರುವುದರೊಳಗೆ ಯಾರೋ ಒಬ್ಬ ಅದನ್ನು ತೆಗೆಸಿಹಾಕಿ ಬರೆದಿದ್ದ: 'ಇದು ಹಿಂದೆಯೇ ಬಗೆಹರಿದಿದೆ. ಹಳೆಯ ಪುಟ ನೋಡಿ.'

ಲ್ಯಾಪ್‌ಟಾಪ್ ಪಟ್ಟೆಂದು ಮುಚ್ಚಿದ ಸದ್ದಿಗೆ ಅವರಮ್ಮ ಅಡುಗೆಮನೆಯಿಂದಲೇ ಕೂಗಿದಳು. "ಮತ್ತೆ ಅವನೇನಾ?"

"ಅವನಲ್ಲಮ್ಮ. ಅವನ ತಮ್ಮ!"