ನಮ್ಮ ಷಡ್ಡಕ ಹತ್ತಿದ ಹಿಮಪರ್ವತ

ಮೊನ್ನೆ ಸಿಮೆಂಟು ಬೇಕಾಗಿ ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ನನ್ನ ಷಡ್ಡಕ ಮಲ್ಲಣ್ಣನ ಅಂಗಡಿಗೆ ಕಾಲಿಟ್ಟರೆ ಮೊದಲು ಸಿಮೆಂಟಿನ ದೂಳು ಮೂಗಿಗೆ ಬಡಿಯುತ್ತದೆ, ಆಮೇಲೆ ಹಿಮಾಲಯ ಕಣ್ಣಿಗೆ ಬಡಿಯುತ್ತದೆ. ಗಲ್ಲಾದ ಹಿಂದೆ ಗೋಡೆ ತುಂಬ ಒಂದು ಚಿತ್ರ: ಬೆಳ್ಳಗಿನ ಪರ್ವತ, ಅದರ ಮುಂದೆ ಕೆಂಪು ಜಾಕೀಟು ತೊಟ್ಟು ಎರಡೂ ಕೈ ಎತ್ತಿ ನಿಂತ ಮಲ್ಲಣ್ಣ. ಕಬ್ಬಿಣದ ಸರಳು ಕೊಳ್ಳಲು ಬಂದವರೊಬ್ಬರು ಅದನ್ನೇ ನೋಡುತ್ತಿದ್ದರು.

"ಸಾಹುಕಾರ್ರ, ಇದು ನೀವ ಏನ್ರಿ?"

"ಮತ್ಯಾರು?" ಎಂದ ಮಲ್ಲಣ್ಣ, ಎದೆ ಉಬ್ಬಿಸಿ. ಅಷ್ಟರಲ್ಲಿ ನನ್ನನ್ನು ಕಂಡ. ಏನೋ ಬಿದ್ದುಹೋಯಿತು ಅನ್ನುವವನಂತೆ ಮೇಜಿನ ಕೆಳಗೆ ಬಗ್ಗಿದ.

ಯಾಕೆ ಬಗ್ಗಿದ ಎಂಬುದನ್ನು ನಿಮಗೆ ಹೇಳದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ನಾನು ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು. ಗುಡ್ಡದ ಮೇಲೆ ದೇವರಿದ್ದರೆ ಹತ್ತಬೇಕು, ಕುರಿ ತಪ್ಪಿಸಿಕೊಂಡು ಹೋಗಿದ್ದರೆ ಹತ್ತಬೇಕು. ಎರಡೂ ಇಲ್ಲದೆ ಹತ್ತುವವರಿಗೆ ಮನೆಯಲ್ಲಿ ಕೆಲಸ ಕಡಿಮೆ ಎಂದು ನನ್ನ ಅಭಿಪ್ರಾಯವಾಗಿತ್ತು. ಅದನ್ನು ದೊಡ್ಡಪ್ಪನ ಮಗಳು ಗಿರಿಜಳ ಎದುರಿಗೇ ಹೇಳುತ್ತಿದ್ದೆ. ಗಿರಿಜ ಹರಪನಹಳ್ಳಿಯ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕಿ. ರಜೆ ಬಂದರೆ ಉತ್ತರದ ಕಡೆ ಹೋಗಿ ಹಗ್ಗ ಹಿಡಿಯುವುದು, ಮಂಜುಗಡ್ಡೆಯ ಮೇಲೆ ನಡೆಯುವುದು ಕಲಿತಿದ್ದಳು. "ಅಣ್ಣ, ನಿನಗ ಸೀರಿ ಮಡಚೋದು ಗೊತ್ತು, ಮಡಚು" ಎಂದು ನಗುವಳು.

ಒಂದು ವರ್ಷ ಅವಳು ದೊಡ್ಡದೊಂದು ಶಿಖರಕ್ಕೆ ಹೋಗುವ ತಂಡ ಸೇರಿದಳು. ಚಿಗಟೇರಿಯ ಒಂದು ಮದುವೆ ಊಟದಲ್ಲಿ ಆ ಸುದ್ದಿ ಮಲ್ಲಣ್ಣನ ಕಿವಿಗೆ ಬಿತ್ತು. ಹೋಳಿಗೆ ಮುಗಿಯುವುದರೊಳಗೆ ಅವನೂ ಹೊರಟಿದ್ದ. ಅಭ್ಯಾಸಕ್ಕೆಂದು ಗಿರಿಜ ಅವನನ್ನು ಕೂಡ್ಲಿಗಿ ಕಡೆಯ ಬಂಡೆಗುಡ್ಡಗಳಿಗೆ ಕರೆದೊಯ್ಯುವಳು. ಅವನು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಬರುವನು. ಒಮ್ಮೆ ನಾನೂ ಹೋಗಿ ಕೆಳಗೆ ನೆರಳಲ್ಲಿ ಕೂತು ಇಬ್ಬರ ಮಾತು ಕೇಳಿದ್ದೇನೆ.

"ಎಲ್ಲಕ್ಕಿಂತ ಎತ್ತರದ್ದ ಎಲ್ಲಕ್ಕಿಂತ ಕಷ್ಟ ಅಂತ ತಿಳೀಬ್ಯಾಡ್ರಿ, ಮಲ್ಲಣ್ಣಾರ" ಎಂದಳು ಗಿರಿಜ. "ಅದಕ್ಕಿಂತ ಗಿಡ್ಡ ಇದ್ದು, ಗ್ವಾಡಿಯಂಗ ನಿಂತಿರೋ ಪರ್ವತ ಅದಾವ. ಕೆಲವು ಕಡೆ ಯಾವ ಗಳಿಗ್ಯಾಗ ಹಿಮ ಜಾರಿ ಮೈಮ್ಯಾಲೆ ಬೀಳ್ತೈತೋ ಗೊತ್ತಾಗಂಗಿಲ್ಲ. ಕೆಲವು ಊರಿಂದ ಎಷ್ಟು ದೂರ ಅಂದ್ರ, ಕಾಲು ಮುರಿದ್ರ ಬರೋರು ಯಾರೂ ಇಲ್ಲ."

ಮಲ್ಲಣ್ಣ ಬಜ್ಜಿಯ ತೊಟ್ಟು ಎಸೆದ. "ಎತ್ತರ ಅಂದ್ರ ಏನವ್ವಾ? ಮೆಟ್ಟಲ ಜಾಸ್ತಿ, ಅಷ್ಟ."

ಹೊಸ ಜಾಕೀಟು, ಹೊಸ ಬೂಟು, ಕಪ್ಪು ಕನ್ನಡಕ ಎಲ್ಲವನ್ನೂ ಕೊಂಡುಕೊಂಡ. ಶ್ವಾಸಕೋಶ ಮಾತ್ರ ಹಳೆಯದೇ ಉಳಿಯಿತು.

ಮೇಲೆ ಏನಾಯಿತೆಂದು ಗಿರಿಜ ಬಂದ ಮೇಲೆ ನನ್ನ ಒತ್ತಾಯಕ್ಕೆ ಹೇಳಿದಳು. ಕೊನೆಯ ದಿನ, ಶಿಖರ ಕಣ್ಣೆದುರಿಗೆ ಇತ್ತು. "ನಮ್ಮ ಮಾಳಗಿ ಮ್ಯಾಲೆ ನಿಂತ್ರ ಗುಡಿ ಕಳಸ ಕಂಡಂಗ ಕಾಣ್ತಿತ್ತು, ಅಣ್ಣ." ಆಗಲೇ ಮಲ್ಲಣ್ಣನ ಕಾಲು ಕುಡಿದವನ ಕಾಲಿನಂತೆ ಅಡ್ಡಾದಿಡ್ಡಿ ಬೀಳತೊಡಗಿತು. ನಾಲಿಗೆ ದಪ್ಪವಾಯಿತು. ತಲೆ ಹಿಡಿದುಕೊಂಡು ವಾಂತಿ ಮಾಡಿದ. ಕೈಗವಸು ಬಿಚ್ಚಿ ಎಸೆದು, "ಸೆಕಿ ಆಗಾಕತ್ತೈತಿ, ಅಂಗಡಿ ಬಾಗಿಲು ತಗೀಲೇ" ಎಂದನಂತೆ. ಗಾಳಿ ತೆಳುವಾದಲ್ಲಿ ಮಿದುಳು ಊದಿಕೊಳ್ಳುವ ಕಾಯಿಲೆ ಅದು. ಇಳಿಸಬೇಕು, ತಡಮಾಡದೆ ಇಳಿಸಬೇಕು; ಇಲ್ಲದಿದ್ದರೆ ಮನುಷ್ಯ ಉಳಿಯುವುದಿಲ್ಲ. ಮಾರ್ಗದರ್ಶಿಯೊಬ್ಬ ಮುಂದೆ ಹಿಡಿಯಬೇಕು, ಹಗ್ಗ ಬಲ್ಲ ಇನ್ನೊಬ್ಬರು ಹಿಂದೆ ಹಿಡಿಯಬೇಕು. ತಂಡದವರು ಒಬ್ಬರ ಮುಖ ಒಬ್ಬರು ನೋಡಿದರು. ಗಿರಿಜ ಹಗ್ಗ ಹಿಡಿದಳು. ಉಳಿದವರು ಮೇಲೆ ಹೋದರು. ಇವಳು, ವರ್ಷಗಟ್ಟಲೆ ಕನಸು ಕಂಡ ಶಿಖರಕ್ಕೆ ಬೆನ್ನು ಹಾಕಿ, ಬೈಯುವ, ಒದೆಯುವ ಮಲ್ಲಣ್ಣನನ್ನು ಸಂಜೆಯವರೆಗೆ ಇಳಿಸಿದಳು.

"ಅಳು ಬರಲಿಲ್ಲೇನು?" ಎಂದೆ.

"ಬಂತು. ಕಣ್ಣೀರು ಕನ್ನಡಕದಾಗ ಹೆಪ್ಪುಗಟ್ಟಿದ್ರ ದಾರಿ ಕಾಣಂಗಿಲ್ಲ ಅಂತ ನುಂಗಿಕೊಂಡೆ."

ಮಲ್ಲಣ್ಣ ಆಸ್ಪತ್ರೆಯಿಂದ ಊರಿಗೆ ಬಂದ. ನಮ್ಮ ಜನರ ಬುದ್ಧಿಗೆ ಏನು ಹೇಳೋಣ? ಹೋದದ್ದಕ್ಕೇ ಸನ್ಮಾನ ಇಟ್ಟರು. ಶಾಲು, ಏಲಕ್ಕಿ ಹಾರ, ಮೈಸೂರು ಪೇಟ. ಹಿಮಾಲಯ ಎಲ್ಲಿದೆಯೆಂದು ಕೇಳಿದರೆ ಕೈ ಯಾವ ದಿಕ್ಕಿಗೆ ತೋರಿಸಬೇಕೆಂದು ತಿಳಿಯದ ಮುಖಂಡರೆಲ್ಲ ಅದರ ಬಗ್ಗೆ ಭಾಷಣ ಬಿಗಿದರು. ಮಲ್ಲಣ್ಣ ಎದ್ದು ನಿಂತ. ಮೊದಲು ಹವಾಮಾನ ಕೆಟ್ಟಿತು ಎಂದ. ಚಪ್ಪಾಳೆ ಬಿತ್ತು. ಚಪ್ಪಾಳೆ ಎಂಬುದು ಅವನಿಗೆ ಆಮ್ಲಜನಕದಂತೆ. ಇನ್ನೂ ಮೇಲೆ ಏರಿದ.

"ತುದಿ ಇಷ್ಟ ಇಷ್ಟು ದೂರ ಇತ್ರಿ. ಆದ್ರ ನಮ್ಮ ತಂಡದಾಗ ಒಬ್ಬ ಹೆಣ್ಣುಮಗಳು ಸುಸ್ತಾಗಿ ಬಿದ್ಲು. ಜೀವ ಮುಖ್ಯ ಅಲ್ರಿ? ನಾನ ಕೆಳಗ ಕರ್ಕೊಂಡು ಬಂದೆ."

ಗಿರಿಜ ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಏಳಹೋದೆ, ನನ್ನ ಅಂಗಿ ಹಿಡಿದು ಕೂರಿಸಿದಳು. ಆದರೆ ಮುಂದಿನ ಸಾಲಿನಲ್ಲಿ ಇನ್ನೊಬ್ಬರು ಎದ್ದುಬಿಟ್ಟಿದ್ದರು. ಶಾಂತಕ್ಕ. ನನ್ನ ಹೆಂಡತಿಯ ಅಕ್ಕ, ಮಲ್ಲಣ್ಣನ ಧರ್ಮಪತ್ನಿ.

"ಏನ್ರೀ, ಯಾರು ಯಾರನ್ನ ಕರ್ಕೊಂಡು ಬಂದ್ರು, ಸರಿಯಾಗಿ ಹೇಳ್ರಿ! 'ಗಿರಿಜ ಇರದಿದ್ರ ನೀ ಮುಂಡಿ ಆಗ್ತಿದ್ದಿ ಶಾಂತಾ' ಅಂತ ಆಸ್ಪತ್ರ್ಯಾಗಿಂದ ಫೋನಿನಾಗ ಅತ್ತಾವ್ರು ಯಾರು? ನನ್ನ ಗಂಡನ್ನ ಉಳಿಸಿಕೊಟ್ಟಾಕಿ ಅಲ್ಲಿ ಕುಂತಾಳ. ಆಕಿ ಬಿದ್ಲಂತ!"

ಸಭೆಯ ಅಧ್ಯಕ್ಷರು ಗಾಬರಿಯಲ್ಲಿ, "ಮೇಡಂ, ನೀವ ಎರಡು ಮಾತು ಹೇಳ್ರಿ, ಅಲ್ಲಿ ಕಷ್ಟ ಏನಂತ" ಎಂದು ಗಿರಿಜಳತ್ತ ಕೈಮುಗಿದರು. ಅವಳು ಕೂತ ಜಾಗದಲ್ಲೇ ಎದ್ದು ನಿಂತು ಹೇಳಿದಳು.

"ಉಸಿರು ಕಮ್ಮಿ ಆದ್ರ ಮೊದಲು ಬುದ್ಧಿ ಕೆಡ್ತೈತ್ರಿ. ಕೆಟ್ಟೈತಿ ಅಂತ ತಿಳಿಯಾಕೂ ಅದ ಬುದ್ಧಿ ಬೇಕಲ್ಲ? ಅದಕ್ಕ ಕಷ್ಟ."

ಎಂಥ ದೊಡ್ಡ ಮನಸ್ಸು! ನನ್ನದು ಅಷ್ಟು ದೊಡ್ಡದಲ್ಲ. ಬುದ್ಧಿ ಕೆಡಲು ನಮ್ಮ ಷಡ್ಡಕನಿಗೆ ಪರ್ವತವೇ ಬೇಕಿರಲಿಲ್ಲ, ನಾಲ್ಕಡಿ ಎತ್ತರದ ವೇದಿಕೆ ಸಾಕಾಯಿತು ಎಂದು ಅಂದೂ ಅಂದೆ, ಇಂದೂ ಅನ್ನುತ್ತೇನೆ. ಸನ್ಮಾನ ಮಾಡಿದವರು ಹಾಕಿದ ಶಾಲನ್ನು ವಾಪಸ್ ಕೇಳಲಿಲ್ಲ, ಗಿರಿಜಳಿಗೆ ಒಂದು ಹೂವನ್ನೂ ಕೊಡಲಿಲ್ಲ. "ತುದಿ ಮುಟ್ಟದೆ ಬಂದಾಕಿಗೆ ಎಂಥ ಸನ್ಮಾನ?" ಎಂದರಂತೆ. ತಾವು ಹೊಸ್ತಿಲು ದಾಟಲು ಇನ್ನೊಬ್ಬರ ಹೆಗಲು ಹುಡುಕುವ ಜನ!

ಇವತ್ತು ಬೆಳಿಗ್ಗೆ ಗಿರಿಜ ಮತ್ತೆ ಅದೇ ಶಿಖರಕ್ಕೆ ಹೊರಟಳು. ಕಳಿಸಲು ಹರಪನಹಳ್ಳಿ ಬಸ್ ನಿಲ್ದಾಣಕ್ಕೆ ನಾನೂ ಹೋಗಿದ್ದೆ. ಅವಳ ಭಾರದ ಚೀಲ ಹೊರಲು ಹೋಗಿ ಬಾಗಿದವನು ಬಾಗಿಯೇ ಉಳಿದೆ, ಅವಳೇ ಎತ್ತಿಕೊಂಡಳು. ಮನೆಯಲ್ಲಿ ಕೆಲಸ ಕಡಿಮೆ ಎಂಬ ಮಾತು ನನ್ನ ಬಾಯಿಗೆ ಬರಲಿಲ್ಲ. ಹಗರಿಬೊಮ್ಮನಹಳ್ಳಿಯಿಂದ ಶಾಂತಕ್ಕ ಮೊದಲ ಬಸ್ಸಿಗೇ ಒಬ್ಬರೇ ಬಂದಿದ್ದರು. ಗಿರಿಜಳ ಹಣೆಗೆ ವಿಭೂತಿ ಹಚ್ಚಿ, ಅವಳ ಎರಡೂ ಕೈ ಹಿಡಿದುಕೊಂಡು ಬಸ್ಸು ಹಾರ್ನ್ ಹೊಡೆದರೂ ಬಿಡಲಿಲ್ಲ.

"ತುದಿ ಮುಟ್ಟಿದ್ರ ಮುಟ್ಟು, ಬಿಟ್ರ ಬಿಡು" ಎಂದರು. "ಮನಿ ಮುಟ್ಟು, ನನ್ನವ್ವ."